ವಿಎಸ್ ಕೋಡ್ ಬಳಸದವರಿಗೂ ಒಂದು ಪುಟ: ಏನು ಬರೆಯಬೇಕು, ಏನು ಬಿಡಬೇಕು

ಪ್ರಶ್ನೆ: ಸರ್, ನಾನು ಬಾಗಲಕೋಟೆ ನವನಗರದವನು, ಎಂಜಿನಿಯರಿಂಗ್ ಮೂರನೇ ವರ್ಷ. ಒಂದು ಚಿಕ್ಕ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಆಗಾಗ ಕೋಡ್ ಕಳಿಸುತ್ತೇನೆ. ಸರ್ವರ್ ಕಡೆ ಪೈಥಾನ್, ಬ್ರೌಸರ್ ಕಡೆ ಜಾವಾಸ್ಕ್ರಿಪ್ಟ್. ಕನ್ನಡ ಅನುವಾದದ ಫೈಲುಗಳೂ ಅದರಲ್ಲೇ ಇವೆ. ಹೊಸಬರಿಗಾಗಿ ಇರುವ ಪುಟದಲ್ಲಿ 'ವಿಎಸ್ ಕೋಡ್ ಹಾಕಿ, ಈ ಎಕ್ಸ್‌ಟೆನ್ಶನ್ ಹಾಕಿ' ಎಂದು, ಮೈಕ್ರೋಸಾಫ್ಟ್‌ನ ಆ ಒಂದು ಕೋಡ್ ಎಡಿಟರ್ ಬಗ್ಗೆ ಮಾತ್ರ ಬರೆದಿದ್ದಾರೆ. ನನ್ನದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಉಬುಂಟು ಇದೆ, ಟರ್ಮಿನಲ್‌ನಲ್ಲಿ ಓಡುವ ನಿಯೋವಿಮ್ ಎಡಿಟರ್ ಬಳಸುತ್ತೇನೆ. ಬೇರೆ ಎಡಿಟರ್‌ಗಳ ಬಗ್ಗೆಯೂ ಮಾಹಿತಿ ಇರಲಿ ಅಂತ ಕೇಳಿದ್ದಕ್ಕೆ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) 'ನೀವೇ ಬರೆದು ಕಳಿಸಿ' ಅಂದರು. ಎಲ್ಲಿಂದ ಶುರು ಮಾಡಲಿ? ಎಷ್ಟು ಎಡಿಟರ್ ಬಗ್ಗೆ ಬರೆಯಲಿ? ವರ್ಷದೊಳಗೆ ಅದು ಹಳೆಯದಾಗುವುದಿಲ್ಲವೇ?

ಉತ್ತರ: ನಿಮ್ಮ ಮೇಂಟೇನರ್ ಬೇಡ ಅನ್ನಲಿಲ್ಲವಲ್ಲ, ಅದೇ ದೊಡ್ಡದು. ಆದರೆ ಇವತ್ತೇ ನಿಯೋವಿಮ್ ಪುಟ ಬರೆಯಲು ಕೂರಬೇಡಿ. ಅದಕ್ಕೂ ಮುಂಚೆ ಮಾಡುವ ಕೆಲಸ ಒಂದಿದೆ. ಅದು ಮುಗಿದರೆ ನಿಯೋವಿಮ್ ಬಗ್ಗೆ ಬರೆಯಬೇಕಾದದ್ದು ಹತ್ತು ಹದಿನೈದು ಸಾಲಿಗೆ ಇಳಿಯುತ್ತದೆ. ಇಮ್ಯಾಕ್ಸ್, ಕೇಟ್ ಥರದ ಬೇರೆ ಎಡಿಟರ್ ಬಳಸುವವರಿಗೂ ಅರ್ಧ ದಾರಿ ಸವೆದಿರುತ್ತದೆ.

ಆ ಕೆಲಸ ಇದು. ರೆಪೊದಲ್ಲಿ, ಅಂದರೆ ಪ್ರಾಜೆಕ್ಟಿನ ಫೈಲುಗಳೆಲ್ಲ ಇರುವ ಗಿಟ್ ಸಂಗ್ರಹದಲ್ಲಿ, ಡಾಟ್ ವಿಎಸ್‌ಕೋಡ್ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಒಂದೊಂದೇ ಫೈಲ್ ತೆರೆದು ಓದಿ. ಪ್ರಾಜೆಕ್ಟಿನ ಎಷ್ಟೋ ಗುಟ್ಟುಗಳು ಅಲ್ಲೇ ಅಡಗಿರುತ್ತವೆ. ಟಾಸ್ಕ್ಸ್ ಫೈಲಿನಲ್ಲಿ ಟೆಸ್ಟ್ ಓಡಿಸುವ ಕಮಾಂಡ್ ಇರುತ್ತದೆ. ಲಾಂಚ್ ಫೈಲಿನಲ್ಲಿ ಸರ್ವರ್ ಶುರುವಾಗಲು ಹೊರಗಿನಿಂದ ಕೊಡಬೇಕಾದ ಮೌಲ್ಯಗಳು, ಅಂದರೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಇರುತ್ತವೆ. ಸೆಟಿಂಗ್ಸ್ ಫೈಲಿನಲ್ಲಿ ಸಾಲಿನ ಉದ್ದ ಎಷ್ಟಿರಬೇಕು, ಕೋಡಿನ ಜೋಡಣೆ ಒಪ್ಪ ಮಾಡುವ ಫಾರ್ಮ್ಯಾಟರ್ ಯಾವುದು ಅನ್ನುವುದೆಲ್ಲ ಇರುತ್ತದೆ. ವಿಎಸ್ ಕೋಡ್ ಇದ್ದವರಿಗೆ ಬಟನ್ ಒತ್ತಿದರೆ ಕೆಲಸ ಆಗುತ್ತದೆ. ಹಾಗಾಗಿ ಇವನ್ನು ಯಾರೂ ಬೇರೆಲ್ಲೂ ಬರೆದಿಟ್ಟಿರುವುದಿಲ್ಲ. ನಿಮ್ಮಂಥವರು ಮಾತ್ರ ಒದ್ದಾಡುತ್ತೀರಿ.

ಇವುಗಳಲ್ಲಿ ಪ್ರಾಜೆಕ್ಟಿಗೆ ಸೇರಿದ್ದು ಯಾವುದು, ಎಡಿಟರ್‌ಗೆ ಸೇರಿದ್ದು ಯಾವುದು ಅಂತ ಬೇರೆ ಮಾಡಿ. ಸಾಲಿನ ಉದ್ದ 100 ಇರಬೇಕು ಅನ್ನುವುದು ಪ್ರಾಜೆಕ್ಟಿನ ನಿಯಮ. ಯಾವ ಕೀ ಒತ್ತಿದರೆ ಫಾರ್ಮ್ಯಾಟ್ ಆಗಬೇಕು ಅನ್ನುವುದು ಬರೆಯುವವರ ಇಷ್ಟ. ಎತ್ತು ಯಾರದ್ದಾದರೂ ಇರಲಿ, ಬಿತ್ತುವಾಗ ಸಾಲಿನ ಅಂತರ ಹೊಲದ ಯಜಮಾನ ಹೇಳಿದಷ್ಟೇ ಇರಬೇಕು ಅಲ್ವಾ? ಹಾಗೆಯೇ ಪ್ರಾಜೆಕ್ಟಿನ ನಿಯಮಗಳೆಲ್ಲ ಯಾವ ಎಡಿಟರೂ ಓದಬಲ್ಲ ಫೈಲಿಗೆ ಹೋಗಬೇಕು. ಪೈಥಾನ್ ಫಾರ್ಮ್ಯಾಟರ್, ತಪ್ಪು ಹುಡುಕುವ ಲಿಂಟರ್‌ಗಳ ಸೆಟಿಂಗ್ ಪೈಪ್ರಾಜೆಕ್ಟ್ ಟಾಮಲ್ ಫೈಲಿಗೆ, ಜಾವಾಸ್ಕ್ರಿಪ್ಟ್ ಫಾರ್ಮ್ಯಾಟರ್ ಪ್ರಿಟಿಯರ್‌ನ ಸೆಟಿಂಗ್ ಅದರದ್ದೇ ಫೈಲಿಗೆ. ಟೆಸ್ಟ್ ಓಡಿಸುವ, ಸರ್ವರ್ ಎಬ್ಬಿಸುವ ಕಮಾಂಡ್‌ಗಳು ಒಂದು ಮೇಕ್‌ಫೈಲ್‌ಗೋ ಎನ್‌ಪಿಎಂ ಸ್ಕ್ರಿಪ್ಟ್‌ಗೋ ಹೋಗಲಿ. ಫಾರ್ಮ್ಯಾಟರ್‌ನ ಆವೃತ್ತಿಯನ್ನೂ ಅಲ್ಲೇ ಕಟ್ಟಿಹಾಕಿ. ನಿಮ್ಮಲ್ಲಿ ಒಂದು ಆವೃತ್ತಿ, ಸಿಐನಲ್ಲಿ (ಕಳಿಸಿದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಇನ್ನೊಂದು ಆದರೆ ನೀವು ಮುಟ್ಟದ ಸಾಲುಗಳೂ ಬದಲಾಗಿ ಡಿಫ್, ಅಂದರೆ ಬದಲಾವಣೆಗಳ ಪಟ್ಟಿ, ಉದ್ದವಾಗುತ್ತದೆ.

ಟ್ಯಾಬ್ ಎಷ್ಟು, ಸ್ಪೇಸ್ ಎಷ್ಟು, ಸಾಲಿನ ಕೊನೆ ಹೇಗಿರಬೇಕು, ಯುಟಿಎಫ್-8 ಇರಬೇಕಾ, ಫೈಲಿನ ಕೊನೆಗೆ ಹೊಸ ಸಾಲಿನ ಗುರುತು ಬೇಕಾ, ಇಷ್ಟಕ್ಕೆ ಡಾಟ್ ಎಡಿಟರ್‌ಕಾನ್ಫಿಗ್ ಫೈಲ್ ಸಾಕು. ನಿಯೋವಿಮ್ 0.9ರಿಂದ ಇದನ್ನು ತಾನೇ ಓದುತ್ತದೆ. ಇಮ್ಯಾಕ್ಸ್ 30ರಲ್ಲಿ ಒಳಗೇ ಇದೆ. ಜೆಟ್‌ಬ್ರೇನ್ಸ್ ಎಡಿಟರ್‌ಗಳೂ ಕೇಟ್ ಕೂಡ ಓದುತ್ತವೆ. ತಮಾಷೆ ಅಂದರೆ ವಿಎಸ್ ಕೋಡ್‌ಗೇ ಇದಕ್ಕೆ ಬೇರೆ ಎಕ್ಸ್‌ಟೆನ್ಶನ್ ಹಾಕಬೇಕು. ಒಂದು ಎಚ್ಚರಿಕೆ: ಸಾಲಿನ ಕೊನೆಯ ಖಾಲಿ ಜಾಗ ಅಳಿಸುವ ನಿಯಮವನ್ನು ಮಾರ್ಕ್‌ಡೌನ್ ಫೈಲುಗಳಿಗೆ ಹಾಕಬೇಡಿ. ಅಲ್ಲಿ ಕೊನೆಯ ಎರಡು ಸ್ಪೇಸ್ ಅಂದರೆ 'ಸಾಲು ಮುರಿ' ಅಂತ ಅರ್ಥ. ವಿಂಡೋಸ್‌ನಿಂದ ಕಳಿಸುವವರಿದ್ದರೆ, ಸಾಲಿನ ಕೊನೆಯ ಗುರುತನ್ನು ಒಂದೇ ಥರ ಇಡಲು ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಒಂದನ್ನು ಸೇರಿಸಿ. ಇಲ್ಲದಿದ್ದರೆ ಒಂದು ಸಾಲು ತಿದ್ದಿದವರು ಇಡೀ ಫೈಲ್ ತಿದ್ದಿದಂತೆ ಕಾಣುತ್ತಾರೆ.

ಇನ್ನು ಡಾಟ್ ವಿಎಸ್‌ಕೋಡ್ ಫೋಲ್ಡರನ್ನೇ ತೆಗೆಯಬೇಕಾ? ಬೇಡ. ಅದರಿಂದ ಅನುಕೂಲ ಆಗಿರುವವರು ಜಾಸ್ತಿ ಇದ್ದಾರೆ, ಅವರ ಅನ್ನಕ್ಕೆ ಯಾಕೆ ಕೈ ಹಾಕುವುದು. ಅದರೊಳಗಿನ ಪ್ರಾಜೆಕ್ಟ್ ನಿಯಮ ಮಾತ್ರ ಹೊರಗೆ ಬಂದರೆ ಸಾಕು. ಹಾಗೆಯೇ ನಿಮ್ಮ ಎಡಿಟರ್ ಹುಟ್ಟಿಸುವ ತಾತ್ಕಾಲಿಕ ಫೈಲುಗಳನ್ನು ಪ್ರಾಜೆಕ್ಟಿನ ಗಿಟ್‌ಇಗ್ನೋರ್‌ಗೆ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿ) ತುಂಬಬೇಡಿ. ಗಿಟ್‌ನಲ್ಲಿ ನಿಮ್ಮ ಮಷೀನಿಗೆ ಮಾತ್ರ ಅನ್ವಯಿಸುವ ಇಗ್ನೋರ್ ಫೈಲ್ ಇಟ್ಟುಕೊಳ್ಳಬಹುದು. ಕೋರ್ ಡಾಟ್ ಎಕ್ಸ್‌ಕ್ಲೂಡ್ಸ್‌ಫೈಲ್ ಅನ್ನುವ ಸೆಟಿಂಗ್ ಅದಕ್ಕೇ ಇರುವುದು. ಈ ಒಂದು ಸಾಲು ಪುಟದಲ್ಲಿ ಇದ್ದರೆ ಎಷ್ಟೋ ಸಣ್ಣ ಪುಲ್ ರಿಕ್ವೆಸ್ಟ್‌ಗಳು (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ತಪ್ಪುತ್ತವೆ. ಲಿನಕ್ಸ್ ಕರ್ನಲ್‌ನವರು ಈ ವಿಷಯದಲ್ಲಿ ಕಟ್ಟುನಿಟ್ಟು. ಸೋರ್ಸ್ ಫೈಲಿನೊಳಗೆ ವಿಮ್‌ಗೋ ಇಮ್ಯಾಕ್ಸ್‌ಗೋ ಅಂತ ಸೆಟಿಂಗ್ ಸಾಲು ಬರೆಯಲೇಬಾರದು ಅಂತ ಅವರ ಕೋಡಿಂಗ್ ಸ್ಟೈಲ್ ಪುಟ ಹೇಳುತ್ತದೆ. ಎಡಿಟರ್ ಹೇಗಿರಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು ಅನ್ನುವುದೇ ಕಾರಣ.

ಇಷ್ಟಾದ ಮೇಲೆ ಎಡಿಟರ್ ಪುಟ. ಮೊದಲು ಯಾವುದನ್ನು ಬರೆಯಬಾರದು ಅಂತ ಹೇಳಿಬಿಡುತ್ತೇನೆ, ಯಾಕಂದರೆ ನಾನು ನೋಡಿದ ಪುಟಗಳು ಕೆಟ್ಟಿರುವುದು ಜಾಸ್ತಿ ಬರೆದೇ. ನಿಯೋವಿಮ್ ಹೇಗೆ ಹಾಕಿಕೊಳ್ಳುವುದು, ಪ್ಲಗಿನ್ ಮ್ಯಾನೇಜರ್ ಯಾವುದು ಒಳ್ಳೆಯದು, ಬಣ್ಣದ ಥೀಮ್ ಯಾವುದು, ಇದ್ಯಾವುದೂ ಬೇಡ. ನಿಮ್ಮ ಇನಿಟ್ ಫೈಲನ್ನು ಪೂರ್ತಿ ಅಂಟಿಸುವುದಂತೂ ಬೇಡವೇ ಬೇಡ. ನಿಯೋವಿಮ್ ಬಳಸುವವರಿಗೆ ನಿಯೋವಿಮ್ ಗೊತ್ತಿರುತ್ತದೆ. ಅವರಿಗೆ ಗೊತ್ತಿಲ್ಲದ್ದು ನಿಮ್ಮ ಪ್ರಾಜೆಕ್ಟು. ಪುಟ ಅಷ್ಟನ್ನು ಹೇಳಿದರೆ ಸಾಕು.

ಆ ಅಷ್ಟು ಯಾವುದು? ಒಂದು ಒಳ್ಳೆಯ ಮಾದರಿ ರಸ್ಟ್ ಭಾಷೆಯ ಕಂಪೈಲರ್‌ನದು. ರಸ್ಟ್ ಪ್ರಾಜೆಕ್ಟ್‌ಗಳಿಗೆ ಎಡಿಟರ್‌ಗೆ ಕೋಡ್ ಅರ್ಥ ಮಾಡಿಸುವ ರಸ್ಟ್ ಅನಲೈಸರ್ ಸಾಮಾನ್ಯವಾಗಿ ತಾನಾಗಿಯೇ ಓಡುತ್ತದೆ. ಆದರೆ ರಸ್ಟ್ ಕಂಪೈಲರನ್ನು ರಸ್ಟ್‌ನ ಮಾಮೂಲಿ ಬಿಲ್ಡ್ ಸಾಧನವಾದ ಕಾರ್ಗೋ ಒಂದರಿಂದಲೇ ಕಟ್ಟಲು ಆಗುವುದಿಲ್ಲ. ಅದಕ್ಕೆ ಎಕ್ಸ್ ಅನ್ನುವ ಅದರದ್ದೇ ಸ್ಕ್ರಿಪ್ಟ್ ಇದೆ. ಹಾಗಾಗಿ ಎಡಿಟರ್‌ಗೆ 'ಕೋಡ್ ಪರೀಕ್ಷಿಸಲು ಈ ಸ್ಕ್ರಿಪ್ಟ್ ಕರೆ' ಅಂತ ಹೇಳಿಕೊಡಬೇಕು. ಎಡಿಟರ್ ಒಂದು ಕಡೆ, ಟರ್ಮಿನಲ್ ಒಂದು ಕಡೆ ಒಂದೇ ಬಿಲ್ಡ್ ಫೋಲ್ಡರ್‌ಗಾಗಿ ಕಾಯುತ್ತಾ ಕೂರಬಾರದು ಅಂತ ಎಡಿಟರ್‌ಗೆ ಬೇರೆ ಫೋಲ್ಡರ್ ಕೊಡುತ್ತಾರೆ. ವಿಎಸ್ ಕೋಡ್, ವಿಮ್, ಇಮ್ಯಾಕ್ಸ್, ಹೀಲಿಕ್ಸ್, ಝೆಡ್ ಬಳಸುವವರಿಗೆ ಬೇಕಾದ ಸೆಟಿಂಗ್ ಫೈಲುಗಳನ್ನು ರೆಪೊದಲ್ಲೇ ಇಟ್ಟಿದ್ದಾರೆ. ಎಕ್ಸ್ ಸೆಟಪ್ ಎಡಿಟರ್ ಅಂತ ಒಂದು ಕಮಾಂಡ್ ಕೊಟ್ಟರೆ ಬೇಕಾದದ್ದು ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಅವರು ಎಡಿಟರ್ ಪಾಠ ಮಾಡುವುದಿಲ್ಲ. ತಮ್ಮ ಪ್ರಾಜೆಕ್ಟಿನ ವಿಚಿತ್ರವನ್ನು ಮಾತ್ರ ಹೇಳುತ್ತಾರೆ.

ಇನ್ನೊಂದು ಮಾದರಿ ಬಹಳ ಚಿಕ್ಕದು, ನಿಮಗೆ ನೇರವಾಗಿ ಬೇಕಾದದ್ದು. ಜಾವಾಸ್ಕ್ರಿಪ್ಟ್ ಫೈಲುಗಳನ್ನು ಬ್ರೌಸರ್‌ಗಾಗಿ ಒಟ್ಟು ಕಟ್ಟಿಕೊಡುವ ವೆಬ್‌ಪ್ಯಾಕ್‌ನ ಡೆವಲಪ್‌ಮೆಂಟ್ ಪುಟದಲ್ಲಿ 'ನಿಮ್ಮ ಎಡಿಟರ್ ಸರಿಮಾಡಿಕೊಳ್ಳಿ' ಅಂತ ಕೆಲವೇ ಸಾಲು ಇದೆ. ಕೆಲವು ಎಡಿಟರ್‌ಗಳು ಫೈಲ್ ಉಳಿಸುವಾಗ ಇದ್ದ ಫೈಲಿಗೇ ಬರೆಯುವುದಿಲ್ಲ. ಹೊಸ ಫೈಲ್ ಬರೆದು ಹಳೆಯ ಹೆಸರು ಕೊಡುತ್ತವೆ. ಆಗ ಫೈಲ್ ಬದಲಾಯಿತಾ ಅಂತ ಕಾಯುತ್ತಿರುವ ವಾಚರ್‌ಗೆ ಕೆಲವು ಸಲ ಗೊತ್ತೇ ಆಗುವುದಿಲ್ಲ. ನೀವು ಉಳಿಸುತ್ತೀರಿ, ಬ್ರೌಸರ್‌ನಲ್ಲಿ ಏನೂ ಬದಲಾಗುವುದಿಲ್ಲ. ವಿಮ್‌ನಲ್ಲಿ ಬ್ಯಾಕಪ್‌ಕಾಪಿ ಅನ್ನುವ ಸೆಟಿಂಗನ್ನು ಯೆಸ್ ಮಾಡಿದರೆ ಸರಿಹೋಗುತ್ತದೆ. ಇಮ್ಯಾಕ್ಸ್‌ನದು ಬೇರೆ ತೊಂದರೆ. ಅದು ಲಾಕ್ ಫೈಲ್ ಅಂತ ಇಲ್ಲದ ಫೈಲಿನ ಕಡೆ ತೋರಿಸುವ ಒಂದು ಲಿಂಕ್ ಸೃಷ್ಟಿಸುತ್ತದೆ, ಕೆಲವು ಜಾವಾಸ್ಕ್ರಿಪ್ಟ್ ವಾಚರ್‌ಗಳು ಅದನ್ನು ಓದಲು ಹೋಗಿ ಬೀಳುತ್ತವೆ. ಇಂಥದ್ದು ಯಾರ ತಲೆಗೂ ತಾನಾಗಿ ಹೊಳೆಯುವುದಿಲ್ಲ. ಪುಟದಲ್ಲಿ ಇರಬೇಕಾದದ್ದು ಇಂಥದ್ದೇ.

ನಿಮ್ಮ ಪ್ರಾಜೆಕ್ಟಿನಲ್ಲಿ ಬರಬಹುದಾದ ತೊಂದರೆಗಳನ್ನು ಈಗಲೇ ಊಹಿಸಬಲ್ಲೆ. ಪೈಥಾನ್ ವರ್ಚುವಲ್ ಎನ್ವಿರಾನ್ಮೆಂಟ್ (ಪ್ರಾಜೆಕ್ಟಿಗೆಂದೇ ಇರುವ ಪ್ರತ್ಯೇಕ ಪೈಥಾನ್) ಶುರು ಮಾಡದೆ ಮೆನುವಿನಿಂದ ಎಡಿಟರ್ ತೆರೆದರೆ ಕೋಡ್ ಓದಿ ಎಡಿಟರ್‌ಗೆ ತಪ್ಪು ಹೇಳುವ ಲ್ಯಾಂಗ್ವೇಜ್ ಸರ್ವರ್‌ಗೆ ಸಿಗುವುದು ಸಿಸ್ಟಂನ ಪೈಥಾನ್. ಆಗ ಸರಿಯಿರುವ ಇಂಪೋರ್ಟ್‌ಗಳಿಗೆಲ್ಲ ಕೆಂಪು ಗೆರೆ. ಇದಕ್ಕೆ ಎಡಿಟರ್‌ಗೊಂದು ಪರಿಹಾರ ಬರೆಯುವ ಬದಲು, ಎನ್ವಿರಾನ್ಮೆಂಟ್ ಎಲ್ಲಿದೆ ಅಂತ ಪೈಪ್ರಾಜೆಕ್ಟ್ ಫೈಲಿನ ಪೈರೈಟ್ (ಪೈಥಾನ್‌ನ ಒಂದು ಲ್ಯಾಂಗ್ವೇಜ್ ಸರ್ವರ್) ಭಾಗದಲ್ಲಿ ಒಮ್ಮೆ ಬರೆದರೆ ಆಯಿತು. ಪೈರೈಟ್ ಬಳಸುವ ಎಲ್ಲ ಎಡಿಟರ್‌ಗೂ ಅದು ಸಾಕು. ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಹಾಕಲು ಎನ್‌ವಿಎಂ ಬಳಸಿದವರಿಗೂ ಇದೇ ಕಥೆ. ಟರ್ಮಿನಲ್‌ನಲ್ಲಿ ಸಿಗುವ ನೋಡ್, ಮೆನುವಿನಿಂದ ತೆರೆದ ಎಡಿಟರ್‌ಗೆ ಸಿಗುವುದಿಲ್ಲ. 'ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು, ಅಲ್ಲಿಂದಲೇ ಎಡಿಟರ್ ಶುರು ಮಾಡಿ' ಅನ್ನುವ ಒಂದೇ ವಾಕ್ಯ ಬಹಳಷ್ಟು ತಲೆನೋವು ಕಳೆಯುತ್ತದೆ. ಮೂರನೆಯದು, ಉಳಿಸಿದಾಗಲೆಲ್ಲ ಫಾರ್ಮ್ಯಾಟ್ ಮಾಡುವ ಅಭ್ಯಾಸ. ಹಳೆಯ ಫೈಲುಗಳು ಇನ್ನೂ ಫಾರ್ಮ್ಯಾಟ್ ಆಗಿಲ್ಲದಿದ್ದರೆ ಯಾವ ಫೋಲ್ಡರ್ ಮುಟ್ಟಬಾರದು ಅಂತ ಬರೆಯಿರಿ.

ಲ್ಯಾಂಗ್ವೇಜ್ ಸರ್ವರ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಮುಂಚೆ ಪ್ರತಿ ಎಡಿಟರ್‌ನವರು ಪ್ರತಿ ಭಾಷೆಗೂ ಬೇರೆ ಬೇರೆ ಪ್ಲಗಿನ್ ಬರೆಯಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಲ್‌ಎಸ್‌ಪಿ) ಅಂತ ಮುಂದಿಟ್ಟರು. ಕೋಡ್ ಅರ್ಥ ಮಾಡಿಕೊಳ್ಳುವುದು ಸರ್ವರ್‌ನ ಕೆಲಸ, ತೋರಿಸುವುದು ಎಡಿಟರ್‌ನ ಕೆಲಸ. ಎಡಿಟರ್‌ಗೊಂದು ಪುಟ ಬೇಕಿಲ್ಲ ಅಂತ ನಾನು ಹೇಳುವುದಕ್ಕೆ ಇದೇ ಕಾರಣ. 'ನಾವು ಪೈಥಾನ್‌ಗೆ ಪೈರೈಟ್ ಮತ್ತು ರಫ್, ಜಾವಾಸ್ಕ್ರಿಪ್ಟ್‌ಗೆ ಟೈಪ್‌ಸ್ಕ್ರಿಪ್ಟ್ ಲ್ಯಾಂಗ್ವೇಜ್ ಸರ್ವರ್ ಬಳಸುತ್ತೇವೆ. ಜಾವಾಸ್ಕ್ರಿಪ್ಟ್‌ಗೆ ಈ ಒಳಫೋಲ್ಡರ್‌ನಿಂದ ಶುರುವಾಗಬೇಕು' ಅಂತ ಬರೆದರೆ ಹೀಲಿಕ್ಸ್‌ನವರೂ ಇಮ್ಯಾಕ್ಸ್‌ನವರೂ ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಾರೆ.

ಆದರೆ ವಿಎಸ್‌ಕೋಡಿಯಂ ಬಳಸುವವರನ್ನು ಮರೆಯಬೇಡಿ. ನೋಡಲು ವಿಎಸ್ ಕೋಡ್ ಥರವೇ ಇರುವುದರಿಂದ ಬೇರೆ ಸೂಚನೆ ಬೇಕಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಿಎಸ್ ಕೋಡ್‌ನ ಎಂಐಟಿ ಲೈಸೆನ್ಸ್ ಇರುವ ಸೋರ್ಸಿನಿಂದ, ಟೆಲಿಮೆಟ್ರಿ (ಬಳಕೆಯ ಮಾಹಿತಿ ಕಳಿಸುವುದು) ಇಲ್ಲದೆ ಕಟ್ಟಿದ್ದು ಅದು. ಆದರೆ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಅಂಗಡಿ ಅದಕ್ಕೆ ಸಿಗುವುದಿಲ್ಲ. ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ನಿಂದ ತರಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಪೈಥಾನ್ ಎಕ್ಸ್‌ಟೆನ್ಶನ್ ಪೈಲಾನ್ಸ್ ಅಲ್ಲಿಲ್ಲ. ಅದರ ಲೈಸೆನ್ಸ್ ಮೈಕ್ರೋಸಾಫ್ಟ್ ಉತ್ಪನ್ನಗಳಿಗೆ ಮಾತ್ರ. ಅದರ ಬದಲು ಬೇಸ್ಡ್‌ಪೈರೈಟ್ ಹಾಕಿಕೊಳ್ಳಬಹುದು. ನಿಮ್ಮ ಪ್ರಾಜೆಕ್ಟ್ ಸೂಚಿಸುವ ಒಂದೊಂದು ಎಕ್ಸ್‌ಟೆನ್ಶನ್ ಹೆಸರನ್ನೂ ಅಲ್ಲಿ ಹುಡುಕಿ ನೋಡಿ. ಇಲ್ಲದ್ದಕ್ಕೆ ಬದಲಿ ಯಾವುದು ಅಂತ ಬರೆಯಿರಿ.

ಈಗ ನಿಮ್ಮ 4 ಜಿಬಿ ವಿಷಯ. ಎಡಿಟರ್ ಬದಲಾಯಿಸಿದರೆ ರ‍್ಯಾಮ್ ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ನಿಯೋವಿಮ್ ಹಗುರವೇ. ಆದರೆ ಪೈರೈಟ್ ಓಡುವುದು ನೋಡ್ ಮೇಲೆ, ಟೈಪ್‌ಸ್ಕ್ರಿಪ್ಟ್ ಸರ್ವರ್ ಓಡುವುದೂ ನೋಡ್ ಮೇಲೆ. ಎರಡೂ ಎದ್ದು, ಪಕ್ಕದಲ್ಲಿ ಬ್ರೌಸರ್ ತೆರೆದರೆ ಎಡಿಟರ್‌ನಿಂದ ಉಳಿಸಿದ್ದು ಎಲ್ಲೋ ಹೋಯಿತು. ಆದ್ದರಿಂದ ಪುಟದಲ್ಲಿ 'ಹಗುರ ದಾರಿ' ಅಂತ ಒಂದು ಭಾಗ ಇರಲಿ. ಲ್ಯಾಂಗ್ವೇಜ್ ಸರ್ವರ್ ಇಲ್ಲದೆ, ಯೂನಿವರ್ಸಲ್ ಸಿಟ್ಯಾಗ್ಸ್‌ನಿಂದ ಫಂಕ್ಷನ್‌ಗೆ ಹಾರುವುದು, ರಫ್‌ನಿಂದ ತಪ್ಪು ಹುಡುಕುವುದು, ಟರ್ಮಿನಲ್‌ನಿಂದ ಟೆಸ್ಟ್ ಓಡಿಸುವುದು. ರಫ್ ರಸ್ಟ್‌ನಲ್ಲಿ ಬರೆದದ್ದು, ಹಳೆಯ ಮಷೀನಿನಲ್ಲೂ ಚಕ್ಕನೆ ಮುಗಿಸುತ್ತದೆ. ಈ ಭಾಗ ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಜಮಖಂಡಿ, ಇಳಕಲ್, ಸಿಂದಗಿ ಕಡೆಯ ಹುಡುಗರು ಅಣ್ಣನಿಂದ ಬಂದ ಲ್ಯಾಪ್‌ಟಾಪ್ ಇಟ್ಟುಕೊಂಡು ಶುರು ಮಾಡುತ್ತಾರೆ. ನೀವು ಬರೆದರೆ ಉಂಟು.

'ಡೆವ್‌ಕಂಟೇನರ್ ಬಳಸಿ, ಎಲ್ಲ ಸಮಸ್ಯೆ ಮುಗಿಯಿತು' ಅನ್ನುವವರೂ ಸಿಗುತ್ತಾರೆ. ಬೇಕಾದ ಸಾಧನಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಕೊಡುವ ಒಳ್ಳೆಯ ವ್ಯವಸ್ಥೆಯೇ ಅದು. ಆದರೆ ಡಾಕರ್ ಇಮೇಜ್ ಇಳಿಸಲು ಹೊರಟರೆ ಮೊಬೈಲ್ ಹಾಟ್‌ಸ್ಪಾಟ್‌ನ ಆ ದಿನದ ಡೇಟಾ ಅಲ್ಲಿಗೇ ಮುಗಿಯಬಹುದು. ನಡುವೆ ಕರೆಂಟ್ ಹೋದರೆ ಇನ್ನೂ ಚೆಂದ. ಪಕ್ಕದ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ಇದ್ದರೂ ನಮ್ಮ ಮನೆಯ ಕರೆಂಟ್ ನಮಗೆ ಹೇಳಿ ಹೋಗುವುದಿಲ್ಲ ಬಿಡಿ. ಕಂಟೇನರ್ ಒಂದು ದಾರಿ ಅಂತ ಇರಲಿ, ಅದೊಂದೇ ದಾರಿ ಆಗದಿರಲಿ.

ಕನ್ನಡ ಅನುವಾದದ ಫೈಲುಗಳು ಇವೆ ಅಂದಿರಿ. ಇದನ್ನು ಯಾವ ಇಂಗ್ಲಿಷ್ ಮಾರ್ಗದರ್ಶಿಯಲ್ಲೂ ನೀವು ಕಾಣುವುದು ಕಷ್ಟ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬಹುತೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಒಂದಕ್ಷರಕ್ಕೆ ಒಂದು ಚೌಕ ಅನ್ನುವ ಲೆಕ್ಕದಲ್ಲಿ ಟರ್ಮಿನಲ್ ನಡೆಯುತ್ತದೆ, ನಮ್ಮ ಲಿಪಿ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಕರ್ಸರ್ ಒಂದು ಕಡೆ ಕಾಣುತ್ತದೆ, ಅಕ್ಷರ ಇನ್ನೊಂದು ಕಡೆ ಬೀಳುತ್ತದೆ. ಫೈಲ್ ಸರಿಯಾಗೇ ಇರುತ್ತದೆ, ಕಾಣುವುದು ಮಾತ್ರ ಕೆಟ್ಟಿರುತ್ತದೆ. ಹೊಸಬರು ಇದನ್ನು ತಿದ್ದಲು ಹೋಗಿ ಸರಿಯಿದ್ದ ಪದವನ್ನು ಹಾಳು ಮಾಡುತ್ತಾರೆ. ಕೇಟ್, ವಿಎಸ್ ಕೋಡ್, ಸ್ವಂತ ಕಿಟಕಿಯಲ್ಲಿ ತೆರೆದ ಇಮ್ಯಾಕ್ಸ್ ಇವುಗಳಲ್ಲಿ ಈ ತೊಂದರೆ ಇಲ್ಲ. ಇಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಲೈಬ್ರರಿ ಬಳಸುತ್ತಿದೆ. ಹಾಗಾಗಿ 'ಕೋಡ್ ಯಾವುದರಲ್ಲಾದರೂ ಬರೆಯಿರಿ, ಅನುವಾದದ ಫೈಲ್ ಮಾತ್ರ ಟರ್ಮಿನಲ್ ಎಡಿಟರ್‌ನಲ್ಲಿ ತಿದ್ದಬೇಡಿ' ಅಂತ ಧೈರ್ಯವಾಗಿ ಬರೆಯಿರಿ. ನಿಮ್ಮ ಪ್ರೀತಿಯ ನಿಯೋವಿಮ್‌ಗೂ ಇದು ಅನ್ವಯಿಸುತ್ತದೆ, ಬೇಜಾರಾಗಬೇಡಿ. ಗೆಟ್‌ಟೆಕ್ಸ್ಟ್ ಬಗೆಯ ಅನುವಾದ ಫೈಲುಗಳಾದರೆ ಅದಕ್ಕೆಂದೇ ಇರುವ ಪೋಎಡಿಟ್ ಇನ್ನೂ ಸಲೀಸು.

ಇದರಲ್ಲೇ ಇನ್ನೊಂದು ಸೂಕ್ಷ್ಮ. ನೀವು ಬರೆದ 'ರ‍್ಯಾಮ್' ಸರಿಯಾಗಿ ಕಾಣಲು ಒಳಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಡಿ, ಹೆಸರು ಝೀರೋ ವಿಡ್ತ್ ಜಾಯ್ನರ್. 'ಲ್ಯಾಪ್‌ಟಾಪ್' ಪದದಲ್ಲಿ ಇರುವುದು ಅದರ ಜೋಡಿ, 200ಸಿ. ಇದು ಅಕ್ಷರ ಕೂಡದಂತೆ ತಡೆಯುತ್ತದೆ. ವಿಮ್‌ನಲ್ಲಿ ಇವು ಕೋನದ ಕಂಸದೊಳಗೆ ಸಂಖ್ಯೆಯಾಗಿ ಕಾಣುವುದುಂಟು. ಕೆಲವು ಎಡಿಟರ್‌ಗಳು 'ಕಾಣದ ಅಕ್ಷರ, ಅಪಾಯ' ಅಂತ ಹಳದಿ ಪೆಟ್ಟಿಗೆ ಹಾಕುತ್ತವೆ. ಕಸ ಅಂದುಕೊಂಡು ಅಳಿಸಿದರೆ 'ರ‍್ಯಾಮ್' ಹೋಗಿ ಅರ್ಕಾವತ್ತಿನ 'ರ್ಯಾಮ್' ಆಗುತ್ತದೆ. ಅಳಿಸಬೇಡಿ ಅನ್ನುವ ಸೂಚನೆ ಪುಟದಲ್ಲಿ ಇರಲೇಬೇಕು. ಇಂಥ ಅಕ್ಷರಗಳನ್ನು ತೆಗೆದುಹಾಕುವ ಸ್ಕ್ರಿಪ್ಟ್ ಕಮಿಟ್‌ಗೆ ಮುಂಚೆ ಓಡುತ್ತಿದೆಯಾ ಅಂತಲೂ ನೋಡಿ.

ಹಳೆಯದಾಗುತ್ತದೆ ಅನ್ನುವ ನಿಮ್ಮ ಭಯ ಸರಿಯಾದದ್ದೇ. ಆಟಮ್ ಎಡಿಟರ್ ಬಗ್ಗೆ ಎಷ್ಟು ಪ್ರಾಜೆಕ್ಟುಗಳಲ್ಲಿ ಚೆಂದದ ಪುಟಗಳಿದ್ದವು! 2022ರ ಡಿಸೆಂಬರ್ 15ಕ್ಕೆ ಗಿಟ್‌ಹಬ್ ಅದನ್ನು ನಿಲ್ಲಿಸಿತು. ಎಡಿಟರ್ ಬದುಕಿದ್ದರೂ ಸೂಚನೆ ಸಾಯುತ್ತದೆ. ನಿಯೋವಿಮ್‌ನಲ್ಲಿ ಲ್ಯಾಂಗ್ವೇಜ್ ಸರ್ವರ್ ಜೋಡಿಸುವ ಬಗೆ 2025ರ 0.11ರಲ್ಲಿ ಬದಲಾಯಿತು. ಎಲ್‌ಎಸ್‌ಪಿ ಎನೇಬಲ್ ಅನ್ನುವ ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಹೊಸದು ಚೆಂದ ಅಂತ ಅದನ್ನೇ ಬರೆದರೆ ಏನಾಗುತ್ತದೆ? ಉಬುಂಟು 24.04ರಲ್ಲಿ ಆಪ್ಟ್ ಮೂಲಕ ಹಾಕಿದರೆ ಬರುವುದು 0.9.5. ಅದರಲ್ಲಿ ಆ ಸಾಲು ತಪ್ಪು ತೋರಿಸುತ್ತದೆ. ಅದೇ ಉಬುಂಟುವಿನ ಇಮ್ಯಾಕ್ಸ್ 29ನೇ ಸಾಲಿನದು, ಅದರಲ್ಲಿ ಲ್ಯಾಂಗ್ವೇಜ್ ಸರ್ವರ್ ಜೋಡಿಸುವ ಎಗ್ಲಾಟ್ ಒಳಗೇ ಇದೆ, ಬೇರೆ ಪ್ಲಗಿನ್ ಹಾಕಬೇಕಿಲ್ಲ. ಅದಕ್ಕೇ ಪ್ರತಿ ಎಡಿಟರ್ ಭಾಗದ ತಲೆಯ ಮೇಲೆ ಒಂದು ಸಾಲು ಬರೆಯಿರಿ: ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ತಿಂಗಳು ಪರೀಕ್ಷಿಸಿದ್ದು. ರೆಪೊ ಗಿಟ್‌ಹಬ್‌ನಲ್ಲಿದ್ದು ಮೇಂಟೇನರ್ ಒಪ್ಪಿ ರೆಪೊಗೆ ಬರೆಯುವ ಅನುಮತಿ (ರೈಟ್ ಆಕ್ಸೆಸ್) ಕೊಟ್ಟರೆ ಕೋಡ್‌ಓನರ್ಸ್ ಫೈಲಿನಲ್ಲಿ ಆ ಪುಟಕ್ಕೆ ನಿಮ್ಮ ಖಾತೆ ಸೇರಿಸಿ. ಯಾರಾದರೂ ತಿದ್ದಲು ಬಂದರೆ ನಿಮಗೆ ಸುದ್ದಿ ಬರುತ್ತದೆ.

ಎಷ್ಟು ಎಡಿಟರ್ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಪ್ರಾಜೆಕ್ಟಿಗೆ ಈಗ ಕೋಡ್ ಕಳಿಸುತ್ತಿರುವವರಲ್ಲಿ ಯಾರಾದರೂ ದಿನಾ ಬಳಸುವ ಎಡಿಟರ್ ಇದ್ದರೆ ಅದಕ್ಕೊಂದು ಭಾಗ. ಯಾರೂ ಬಳಸದಿದ್ದರೆ ಸುಮ್ನೆ ಪಟ್ಟಿ ತುಂಬಿಸಬೇಡಿ. ನೀವು ನಿಯೋವಿಮ್ ಬರೆಯಿರಿ. ಇಮ್ಯಾಕ್ಸ್‌ನದು ಇಮ್ಯಾಕ್ಸ್‌ನವರು ಬಂದಾಗ ಬರೆಯಲಿ.

ಪರೀಕ್ಷೆ ಮಾಡುವಾಗ ನಿಮ್ಮ ಸೆಟಿಂಗ್‌ನಲ್ಲೇ ಮಾಡಬೇಡಿ. ವರ್ಷಗಟ್ಟಲೆ ಕೂಡಿಟ್ಟ ಪ್ಲಗಿನ್‌ಗಳು ಪುಟದ ತಪ್ಪನ್ನು ಮುಚ್ಚಿಹಾಕುತ್ತವೆ. ನಿಯೋವಿಮ್ 0.9ರಿಂದ ಎನ್‌ವಿಮ್ ಆಪ್‌ನೇಮ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಇದೆ. ಅದಕ್ಕೆ ಬೇರೆ ಹೆಸರು ಕೊಟ್ಟು ಶುರು ಮಾಡಿದರೆ ಖಾಲಿ ನಿಯೋವಿಮ್ ತೆರೆದುಕೊಳ್ಳುತ್ತದೆ, ನಿಮ್ಮದು ಹಾಗೇ ಇರುತ್ತದೆ. ಇಮ್ಯಾಕ್ಸ್ 29ರಲ್ಲಿ ಇನಿಟ್ ಡೈರೆಕ್ಟರಿ ಅನ್ನುವ ಆಯ್ಕೆ ಇದೆ. ಆಮೇಲೆ ಕಾಲೇಜಿನ ಜೂನಿಯರ್ ಒಬ್ಬರಿಗೆ ಪುಟ ಕೊಟ್ಟು ಪಕ್ಕದಲ್ಲಿ ಕೂರಿ. ಅವರು ಸಿಕ್ಕಿಹಾಕಿಕೊಂಡಾಗ ಬಾಯಿ ಬಿಡಬೇಡಿ, ಬರೆದುಕೊಳ್ಳಿ. ನಾನು ಬೆಳಗಾವಿಯಲ್ಲಿ ಹುಡುಗರಿಗೆ ಕಲಿಸುವಾಗ ನೋಡಿದ್ದು: ಅವರು ಸಿಕ್ಕಿಬೀಳುವುದು ನಾವು ಊಹಿಸಿದ ಕಡೆ ಅಲ್ಲವೇ ಅಲ್ಲ. ಮೊದಲ ಸಲ ಗಿಟ್ ಕಮಿಟ್ ಒತ್ತಿದಾಗ ವಿಮ್ ತೆರೆದುಕೊಂಡು, ಹೊರಗೆ ಬರಲಾರದೆ ಟರ್ಮಿನಲ್ ಮುಚ್ಚಿಬಿಡುತ್ತಾರೆ. ಗಿಟ್‌ನ ಕೋರ್ ಎಡಿಟರ್ ಸೆಟಿಂಗನ್ನು ನ್ಯಾನೋ ಅನ್ನುವ ಸರಳ ಎಡಿಟರ್‌ಗೆ ಬದಲಾಯಿಸುವ ಸಾಲು ಪುಟದ ಮೇಲ್ಭಾಗದಲ್ಲೇ ಇರಲಿ.

ಕಳಿಸುವಾಗ ಎರಡು ಪುಲ್ ರಿಕ್ವೆಸ್ಟ್ ಮಾಡಿ. ಮೊದಲನೆಯದರಲ್ಲಿ ಎಡಿಟರ್‌ಕಾನ್ಫಿಗ್, ಪೈಪ್ರಾಜೆಕ್ಟ್, ಮೇಕ್‌ಫೈಲ್ ಬದಲಾವಣೆ. ಇದ್ದ ಕೋಡನ್ನು ಇದರಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಅದು ಒಳಗೆ ಹೋದ ಮೇಲೆ ಪುಟ. ಮೇಂಟೇನರ್‌ಗೆ ನಿಯೋವಿಮ್ ಗೊತ್ತಿಲ್ಲದಿದ್ದರೆ ಪರಿಶೀಲಿಸುವುದು ಅವರಿಗೂ ಕಷ್ಟ. ಚೆಕ್‌ಹೆಲ್ತ್ ಕಮಾಂಡ್ ಕೊಟ್ಟು, ಎಲ್‌ಎಸ್‌ಪಿ ಭಾಗದ ಔಟ್‌ಪುಟ್ ವಿವರಣೆಯಲ್ಲಿ ಅಂಟಿಸಿ. ಯಾವ ಸರ್ವರ್ ಎದ್ದಿದೆ, ಯಾವ ಫೋಲ್ಡರ್‌ನಿಂದ ಎದ್ದಿದೆ ಅಂತ ಅದರಲ್ಲಿ ಕಾಣುತ್ತದೆ. ಹೆಲ್ತ್ ಪುಟದಲ್ಲಿ ನಿಮ್ಮ ಹೋಮ್ ಫೋಲ್ಡರ್‌ನ ಹೆಸರೂ ಬಂದಿರುತ್ತದೆ, ಬೇಡ ಅನ್ನಿಸಿದರೆ ಅಂಟಿಸುವ ಮುಂಚೆ ತೆಗೆಯಿರಿ.